ದುಬಾರಿ ಅಂಗಿಯ ಒಳಮೈ ನೋಡಿ ಕೊಳ್ಳಿ

800 ರೂಪಾಯಿಯ ಹತ್ತಿ ಅಂಗಿಯನ್ನು ಕೊಳ್ಳಬೇಕೋ 2,500 ರೂಪಾಯಿಯದನ್ನೋ ಎಂಬ ಗೊಂದಲವಿದ್ದಾಗ, ಎರಡನ್ನೂ ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ, ಪಕ್ಕದ ಜೋಡಣೆಯಲ್ಲಿ ಒಂದು ಅಂಗುಲಕ್ಕೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ಎಣಿಸಿ. ಅದು 14 ಅಥವಾ ಹೆಚ್ಚಿದ್ದು, ಬಟ್ಟೆಯ ಅಂಚು ಒಳಗೆ ಮಡಚಿಕೊಂಡು ಎರಡು ಸಾಲು ಹೊಲಿಗೆಯಡಿ ಮುಚ್ಚಿಹೋಗಿದ್ದರೆ, ಹೆಚ್ಚುವರಿ ಹಣದಲ್ಲಿ ಒಂದಷ್ಟಾದರೂ ಕೆಲಸಕ್ಕೆ ಸಂದಿದೆ ಎನ್ನಬಹುದು. ಎಂಟೊಂಬತ್ತೇ ಇದ್ದು, ಅಂಚಿಗೆ, ನೂಲು ಬಿಚ್ಚದಂತೆ ದಾರ ಸುತ್ತಿ ಹೊಲಿಯುವ ಬರಿಯ ಓವರ್‌ಲಾಕ್ ಹೊಡೆದಿದ್ದರೆ, ನೀವು ತೆರುವುದು ಬಹುಮಟ್ಟಿಗೆ ಹೆಸರಿಗೆ ಮತ್ತು ಮುಖ್ಯರಸ್ತೆಯ ಮಳಿಗೆಯ ಬಾಡಿಗೆಗೆ. ಒತ್ತಾಗಿ ಹೊಲಿಯಲು ಯಂತ್ರದ ಮೇಲೆ ಹೆಚ್ಚು ಹೊತ್ತು ಹಿಡಿಯುತ್ತದೆ, ಗಿರಾಕಿಗೆ ಅದು ಹೊರಗಿನಿಂದ ಕಾಣುವುದೂ ಇಲ್ಲ. ಆದ್ದರಿಂದ ಖರ್ಚು ಉಳಿಸಬೇಕೆನ್ನುವವರ ಕೈ ಮೊದಲು ಇಲ್ಲಿಗೇ ಹೋಗುತ್ತದೆ. ಚೌಕಳಿ ಅಂಗಿಯಾದರೆ ಎಣಿಸುವ ಶ್ರಮವೂ ಬೇಡ, ಜೇಬಿನ ಗೆರೆಗಳು ಎದೆಯ ಗೆರೆಗಳಿಗೆ ಕೂಡುತ್ತವೆಯೇ ಎಂಬುದೇ ಸಾಕಷ್ಟು ಹೇಳುತ್ತದೆ. ಆದರೆ ಟೀ ಶರ್ಟಿನಂತಹ ಹಿಗ್ಗುವ ಬಟ್ಟೆಗಳಿಗೆ ಈ ಲೆಕ್ಕ ಹೊಂದದು, ಏಕೆಂದರೆ ಅಲ್ಲಿ ಓವರ್‌ಲಾಕ್ ಇರುವುದೇ ಸರಿ. ಬಣ್ಣ ಬಿಡುವುದನ್ನಾಗಲಿ, ಒಗೆದ ಮೇಲೆ ಕುಗ್ಗುವುದನ್ನಾಗಲಿ ಹೊಲಿಗೆ ಎಂದೂ ತಿಳಿಸುವುದಿಲ್ಲ.