ಓದಲು ಬಂದವರಿಂದ ಬ್ರಿಟನ್ನಿಗೆ ಎಷ್ಟು ಲಾಭ? ಲೆಕ್ಕ ಹಾಕುವುದು ಹೀಗೆ

ಹುಬ್ಬಳ್ಳಿಯ ಹುಡುಗಿಯೊಬ್ಬಳು ಎಂ.ಎಸ್ಸಿ. ಓದಲು ಲೆಸ್ಟರ್‌ಗೆ ಹೋದಳು ಅಂತಿಟ್ಟುಕೊಳ್ಳಿ. ಬ್ರಿಟನ್ನಿಗೆ ಅವಳಿಂದ ಎಷ್ಟು ಲಾಭ? ಕೂಡುವುದು ಸುಲಭ. ಕಷ್ಟ ಇರುವುದು ಕಳೆಯುವುದರಲ್ಲಿ.

ಮೊದಲು ಫೀಸು. 18,000 ಪೌಂಡ್ ಇರಲಿ (ಅಂಕಿ ಸುಮ್ನೆ ಉದಾಹರಣೆಗೆ). ಯೂನಿವರ್ಸಿಟಿಯೇ 3,000 ಸ್ಕಾಲರ್‌ಶಿಪ್ ಕೊಟ್ಟಿದ್ದರೆ ಅದು ಅವರ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ದುಡ್ಡು. ತೆಗೆಯಿರಿ. ಉಳಿದದ್ದು 15,000.

ಆಮೇಲೆ ಬಾಡಿಗೆ, ದಿನಸಿ, ಬಸ್ಸು, ಮೊಬೈಲು. ತಿಂಗಳಿಗೆ 1,000 ಅಂದರೆ ವರ್ಷಕ್ಕೆ 12,000. ಬಹಳ ಜನ ಎಡವುವುದು ಇಲ್ಲೇ. ಡಿಗ್ರಿ ಓದುವವರು ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ದುಡಿಯಬಹುದು. ಅವಳು ಅಲ್ಲೇ ಅಂಗಡಿಯಲ್ಲಿ ನಿಂತು 5,000 ದುಡಿದು, ಅದನ್ನೇ ಬಾಡಿಗೆಗೆ ಕೊಟ್ಟರೆ ಹೊರಗಿನಿಂದ ಹಣ ಬಂತಾ? ಇಲ್ಲ ಅಲ್ವಾ. ಹಾಗಾಗಿ ಲೆಕ್ಕಕ್ಕೆ 7,000 ಮಾತ್ರ. ಅಮ್ಮ ಸೂಟ್‌ಕೇಸಿಗೆ ತುರುಕಿದ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಹುಬ್ಬಳ್ಳಿಯ ವ್ಯಾಪಾರ. ಲೆಸ್ಟರ್‌ಗೆ ಅದರಲ್ಲಿ ನಯಾಪೈಸೆ ಇಲ್ಲ.

ಘಟಿಕೋತ್ಸವಕ್ಕೆ ಅಪ್ಪ ಅಮ್ಮ ಹೋದರೆ ಅವರ ಹೋಟೆಲು, ಟ್ಯಾಕ್ಸಿ ಖರ್ಚೂ ಸೇರುತ್ತದೆ.

ಇನ್ನು ಕೈಯಿಂದ ಕೈಗೆ ಹೋಗುವ ದುಡ್ಡು. ಮನೆ ಮಾಲೀಕ ಆ ಬಾಡಿಗೆಯಲ್ಲಿ ಪ್ಲಂಬರ್‌ನನ್ನು ಕರೆಸುತ್ತಾನೆ. ಪ್ಲಂಬರ್ ಸಂಜೆ ಪಬ್ಬಿಗೆ ಹೋಗುತ್ತಾನೆ. ಅರ್ಥಶಾಸ್ತ್ರದವರು ಇದಕ್ಕೆ ಗುಣಕ ಅನ್ನುತ್ತಾರೆ. ನನಗೆ ಜಾಸ್ತಿ ಅನುಮಾನ ಬರುವುದು ಈ ಹಂತದಲ್ಲೇ. ಇವಳು ಬಾರದಿದ್ದರೆ ಆ ಕೋಣೆಗೆ ಬೇರೆ ಯಾರೋ ಬರುತ್ತಿದ್ದರು, ಪ್ಲಂಬರ್‌ಗೂ ಕೆಲಸ ಸಿಗುತ್ತಿತ್ತು. ಆದ್ದರಿಂದ ಗುಣಕ ಹಾಕುವ ಮುಂಚಿನ ಮೊತ್ತವನ್ನೂ ಬೇರೆಯಾಗಿ ಬರೆದಿಡಿ.

ಕೊನೆಗೆ ಸರ್ಕಾರದ ಖರ್ಚು ಕಳೆಯಿರಿ: ಆಸ್ಪತ್ರೆ, ಬೋಧನೆಗೆ ಕೊಡುವ ಅನುದಾನ, ಜೊತೆಗೆ ಬಂದ ಮಕ್ಕಳ ಶಾಲೆ. 2024ರ ಜನವರಿಯಿಂದ ಕೋರ್ಸು ಶುರುಮಾಡಿದ ಹೆಚ್ಚಿನ ಮಾಸ್ಟರ್ಸ್ ವಿದ್ಯಾರ್ಥಿಗಳು ಕುಟುಂಬ ಕರೆತರುವಂತಿಲ್ಲ, ಆ ಬಾಬತ್ತು ಇಳಿದಿದೆ. ಆಸ್ಪತ್ರೆಯೂ ಪುಕ್ಕಟೆ ಅಲ್ಲ. ವೀಸಾ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಅದನ್ನು ಆದಾಯದ ಕಡೆ ಬರೆಯಿರಿ.

ಲಂಡನ್ ಎಕನಾಮಿಕ್ಸ್ ಸಂಸ್ಥೆ 2023ರಲ್ಲಿ ಇಂಥದ್ದೇ ಲೆಕ್ಕ ಕೊಟ್ಟಿತು. 2021–22ರಲ್ಲಿ ಮೊದಲ ವರ್ಷಕ್ಕೆ ಸೇರಿದ ಸುಮಾರು 3,81,000 ವಿದೇಶಿ ವಿದ್ಯಾರ್ಥಿಗಳಿಂದ ಒಟ್ಟು ಲಾಭ 4,190 ಕೋಟಿ ಪೌಂಡ್, ಸರ್ಕಾರದ ಖರ್ಚು 440 ಕೋಟಿ, ಕಳೆದು ಉಳಿದದ್ದು ಸುಮಾರು 3,740 ಕೋಟಿ (ಅಂಕಿಗಳನ್ನು ದುಂಡಾಗಿಸಿದ್ದರಿಂದ ಸ್ವಲ್ಪ ವ್ಯತ್ಯಾಸ). ಒಂದೊಂದು ಸಂಸತ್ ಕ್ಷೇತ್ರಕ್ಕೆ ಸರಾಸರಿ 5.8 ಕೋಟಿ. ಆದರೆ ಇದು ಒಂದು ವರ್ಷದ ಗಳಿಕೆಯಲ್ಲ, ಆ ಬ್ಯಾಚು ಕೋರ್ಸು ಮುಗಿಸುವವರೆಗಿನದು.

ಅಮೆರಿಕಕ್ಕೆ ವಿದೇಶಿ ವಿದ್ಯಾರ್ಥಿಗಳಿಂದ ಬಂದದ್ದು ಎಂದು ಅಲ್ಲಿನ ಅಂತರರಾಷ್ಟ್ರೀಯ ಶಿಕ್ಷಣದವರ ಸಂಘ ನಾಫ್ಸಾ 2023–24ಕ್ಕೆ ಹೇಳಿದ 4,380 ಕೋಟಿ ಡಾಲರ್ ಒಂದೇ ವರ್ಷದ್ದು, ಅದರಲ್ಲಿ ಗುಣಕವೂ ಇಲ್ಲ. ಪೌಂಡನ್ನು ಡಾಲರಿಗೆ ಬದಲಿಸಿ ಇವೆರಡನ್ನು ಪಕ್ಕಪಕ್ಕ ಇಡುವುದೆಂದರೆ ರಾಗಿಯನ್ನು ಸೇರಿನಲ್ಲೂ ಹೂವನ್ನು ಮಾರಿನಲ್ಲೂ ಅಳೆದು, ಯಾವುದು ಜಾಸ್ತಿ ಅಂತ ಕೇಳಿದ ಹಾಗೆ.