ಡೀಸೆಲ್ ದುಬಾರಿಯಾದಾಗ ನಮ್ಮ ಕಬ್ಬಿನ ಗದ್ದೆಯಲ್ಲಿ ಉಳಿದದ್ದು, ಹೋದದ್ದು

ತೈಲದ ಬಿಕ್ಕಟ್ಟಿನಿಂದ ಒಳ್ಳೆಯ ಬದಲಾವಣೆ ಬರಬಹುದೇ ಎಂದು ಪೇಟೆಯಲ್ಲಿ ಕೇಳಿದರೆ ಮಾತು ಬಹುಮಟ್ಟಿಗೆ ವಿದ್ಯುತ್ ಕಾರು, ಸೈಕಲ್, ಮೆಟ್ರೋ ಕಡೆಗೆ ಹೊರಳುತ್ತದೆ. ಪಾಂಡವಪುರ ತಾಲ್ಲೂಕಿನಲ್ಲಿ ಕಬ್ಬು ಬೆಳೆದು, ಸ್ವಂತ ಆಲೆಮನೆಯಲ್ಲಿ ಬೆಲ್ಲ ಮಾಡುವ ನನಗೆ ಈ ಪ್ರಶ್ನೆ ಎದುರಾಗುವುದು ಗದ್ದೆಯಲ್ಲಿ. ಉಳುವ ಟ್ರ್ಯಾಕ್ಟರು, ಕರೆಂಟ್ ಹೋದಾಗ ಗಾಣ ತಿರುಗಿಸುವ ಎಂಜಿನ್ನು, ಬೆಲ್ಲವನ್ನು ಮಂಡ್ಯದ ಮಾರುಕಟ್ಟೆಗೆ ಒಯ್ಯುವ ಟೆಂಪೋ ಕುಡಿಯುವ ಡೀಸೆಲ್ ಕಣ್ಣಿಗೆ ಕಾಣುತ್ತದೆ. ನೈಸರ್ಗಿಕ ಅನಿಲದಿಂದ ತಯಾರಾಗುವ ಯೂರಿಯಾ, ಹಡಗಿನಲ್ಲಿ ಬರುವ ಡಿಎಪಿ ಗೊಬ್ಬರ, ಕೂಲಿಯವರ ಮನೆಯ ಸಿಲಿಂಡರು ಕಾಣದ ಲೆಕ್ಕದಲ್ಲಿ ಸೇರಿಕೊಂಡಿರುತ್ತವೆ. ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚು ಹೊರಗಿನಿಂದ ಬರುವುದರಿಂದ, ಪರ್ಷಿಯನ್ ಕೊಲ್ಲಿಯಲ್ಲಾದ ಗಲಭೆ ನಮ್ಮ ಕಬ್ಬಿನ ಸಾಲನ್ನು ತಲುಪಲು ಬಹಳ ಕಾಲ ಹಿಡಿಯುವುದಿಲ್ಲ.

ಬೇಸಾಯಕ್ಕೆ ಇಳಿದ ಮೇಲೆ ಇಂಥ ಎರಡು ಏರಿಕೆಗಳನ್ನು ಹತ್ತಿರದಿಂದ ಕಂಡಿದ್ದೇನೆ. ತೈಲ ಉಳಿಸುವುದಕ್ಕೆಂದೇ ಕೈಗೊಂಡ ಕೆಲಸ ಬೆಲೆ ಇಳಿದ ಕೂಡಲೇ ನಿಂತುಹೋಯಿತು. ಮಣ್ಣಿಗೋ ಬೆಲ್ಲಕ್ಕೋ ಬೇರೊಂದು ಲಾಭವನ್ನೂ ತಂದ ಕೆಲಸ ಮಾತ್ರ ಉಳಿಯಿತು. ಇದು ಹೇಗಾಯಿತು ಎಂಬುದನ್ನು ತುಸು ವಿವರವಾಗಿ ಬರೆಯುತ್ತೇನೆ.

ಮೊದಲನೆಯ ಏರಿಕೆ ನಿಧಾನವಾಗಿ ಬಂದದ್ದು. 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸುತ್ತಾ ಹೋಗಿ, 2014ರ ಅಕ್ಟೋಬರಿನಲ್ಲಿ ಸರ್ಕಾರ ಅದರ ನಿಯಂತ್ರಣವನ್ನೇ ಕೈಬಿಟ್ಟಿತು. ಗಾಣದ ಎಂಜಿನ್ನಿಗೆ ಹೊಂಗೆ ಎಣ್ಣೆ ಬೆರೆಸುವ ಯೋಚನೆ ನನಗೆ ಬಂದದ್ದು ಆ ದಿನಗಳಲ್ಲಿ. ಅದೇನೂ ಹೊಸ ವಿಚಾರವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿ ನೀರೆತ್ತಿಸಿ ತೋರಿಸಿದ್ದರು. ರಾಜ್ಯ ಸರ್ಕಾರವೂ 2009ರಲ್ಲಿ ಜೈವಿಕ ಇಂಧನ ನೀತಿಯನ್ನು ತಂದಿತ್ತು. ನಮ್ಮ ಬದುಗಳಲ್ಲಿ ಹೊಂಗೆಗೆ ಬರವಿರಲಿಲ್ಲ. ಬೇಸಿಗೆಯ ಆರಂಭದಲ್ಲಿ ಕಾಯಿ ಆರಿಸಿ, ಒಣಗಿಸಿ, ಬಡಿದು ಬೀಜ ತೆಗೆದು, ಎಣ್ಣೆ ಗಾಣಕ್ಕೆ ಕೊಟ್ಟರೆ ಒಂದು ಲೀಟರ್ ಎಣ್ಣೆಗೆ ಮೂರೂವರೆಯಿಂದ ನಾಲ್ಕು ಕಿಲೋ ಬೀಜ ಬೇಕಾಗುತ್ತಿತ್ತು.

ಹೊಂಗೆ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ಅದನ್ನು ಹಾಗೆಯೇ ಸುರಿದರೆ ಇಂಧನ ಚಿಮ್ಮಿಸುವ ನಾಜಲ್ ಕಟ್ಟಿಕೊಂಡು ಎಂಜಿನ್ ಕಪ್ಪು ಹೊಗೆ ಕಾರುತ್ತದೆ. ಆದ್ದರಿಂದ ಚೆನ್ನಾಗಿ ಸೋಸಿದ ಎಣ್ಣೆಯನ್ನು ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ಬೆರೆಸಿ, ಎಂಜಿನ್ನನ್ನು ಶುದ್ಧ ಡೀಸೆಲ್‌ನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಮಿಶ್ರಣಕ್ಕೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಡೀಸೆಲ್‌ಗೆ ತರುತ್ತಿದ್ದೆವು. ಗಾಣ ಸರಾಗವಾಗಿ ತಿರುಗಿತು. ಆದರೆ 2014ರ ನಡುವಿನಲ್ಲಿ ಪೀಪಾಯಿಗೆ 100 ಡಾಲರ್ ಮೀರಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರಿಗೂ ಕೆಳಗೆ ಇಳಿಯಿತು. ತೆರಿಗೆ ಹೆಚ್ಚಿದರೂ ಬಂಕಿನಲ್ಲಿ ಡೀಸೆಲ್ ಅಗ್ಗವಾಯಿತು. ಕಾಯಿ ಆರಿಸುವವರ ಕೂಲಿ ಅಗ್ಗವಾಗಲಿಲ್ಲ. ಎಣ್ಣೆ ಬೆರೆಸುವುದನ್ನು ನಿಲ್ಲಿಸಿದೆವು. ನಿಲ್ಲದೆ ಉಳಿದದ್ದು ಹೊಂಗೆ ಹಿಂಡಿ. ಕಬ್ಬಿನ ಬುಡಕ್ಕೆ ಹಾಕಿದ ಕಡೆ ಗೆದ್ದಲು ಕಡಿಮೆಯಾಗಿ, ಬೆಳೆಗೆ ಸಾರಜನಕ ನಿಧಾನವಾಗಿ ಸಿಗುವುದನ್ನು ನೋಡಿದ ಮೇಲೆ ಹಿಂಡಿಗಾಗಿಯೇ ಇಂದಿಗೂ ಬೀಜ ಆರಿಸುತ್ತೇವೆ, ಎಣ್ಣೆಯನ್ನು ಮಾರುತ್ತೇವೆ.

ಎರಡನೆಯ ಏರಿಕೆ ಒಮ್ಮೆಲೇ ಎರಗಿತು. 2021ರ ಮಳೆಗಾಲದ ಹೊತ್ತಿಗೆ ಡೀಸೆಲ್ ಲೀಟರಿಗೆ 90 ರೂಪಾಯಿ ದಾಟಿತ್ತು, ಡಿಎಪಿ ಚೀಲಕ್ಕೆ ಸೊಸೈಟಿಯ ಮುಂದೆ ಸಾಲು ನಿಲ್ಲಬೇಕಾಯಿತು. ಮರುವರ್ಷ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಡುಗೆ ಅನಿಲದ ಸಿಲಿಂಡರು 1,000 ರೂಪಾಯಿ ಮೀರಿತು. ಹೊಸ ಕಬ್ಬು ನಾಟಿ ಮಾಡಬೇಕೆಂದರೆ ಆಳವಾಗಿ ಉಳುಮೆ, ಕಲ್ಟಿವೇಟರ್, ರೋಟವೇಟರ್, ಸಾಲು ತೆಗೆಯುವುದು ಎಂದು ಟ್ರ್ಯಾಕ್ಟರು ಮತ್ತೆ ಮತ್ತೆ ಗದ್ದೆಗೆ ಇಳಿಯಬೇಕು, ಪ್ರತಿ ಸಲಕ್ಕೂ ಗಂಟೆಯ ಬಾಡಿಗೆ ಏರಿತ್ತು. ಹಳ್ಳಿಕಾರ್ ಎತ್ತುಗಳಿಗೆ ಮರಳೋಣ ಎಂದು ಊರಿನ ಹಿರಿಯರು ಆಸೆಯಿಂದ ಹೇಳಿದರು. ಅದು ನಡೆಯಲಿಲ್ಲ, ಜೋಡಿ ಎತ್ತಿನ ಬೆಲೆ, ವರ್ಷವಿಡೀ ಮೇವು, ನೇಗಿಲು ಹಿಡಿಯಬಲ್ಲ ಆಳು, ಈ ಮೂರನ್ನೂ ಹೊಂದಿಸುವುದು ಡೀಸೆಲ್ ಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. ನಾನು ಹಿಡಿದದ್ದು ಕೂಳೆಯ ದಾರಿ, ಅಂದರೆ ಕಟಾವಾದ ಕಬ್ಬಿನ ಬುಡದಿಂದಲೇ ಮತ್ತೆ ಚಿಗುರಿಸಿ ಬೆಳೆ ತೆಗೆಯುವುದು.

ನಮ್ಮ ಕಡೆ ಒಂದೆರಡು ಕೂಳೆ ತೆಗೆದು ಗದ್ದೆಯನ್ನು ಉತ್ತುಹಾಕುವುದು ರೂಢಿ, ಕಟಾವಾದ ಕೂಡಲೇ ತರಗಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಇಡುವುದೂ ರೂಢಿ. ಆ ಬೆಂಕಿಯನ್ನು ನಿಲ್ಲಿಸಿದೆ. ಬೊಡ್ಡೆಯನ್ನು ನೆಲಮಟ್ಟಕ್ಕೆ ಸವರಿ, ತರಗನ್ನು ಸಾಲು ಬಿಟ್ಟು ಸಾಲಿಗೆ ಹಾಸಿ, ಸತ್ತ ಬುಡಗಳ ಜಾಗದಲ್ಲಿ ಹೊಸ ಸಸಿಗಳನ್ನು ಕೂರಿಸಿದೆವು. ಬರಿಯ ತರಗನ್ನು ಹಾಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಂಡು ಪೈರು ಹಳದಿಯಾಗುತ್ತದೆ. ಇದನ್ನು ತಡೆಯಲು ಗೋಬರ್ ಗ್ಯಾಸ್ ಘಟಕದಿಂದ ಹೊರಬರುವ ಸಗಣಿಯ ಬಗ್ಗಡವನ್ನು ಅದರ ಮೇಲೆ ಹರಿಸಿದೆವು. ಎರಡು ಘನಮೀಟರಿನ ಘಟಕವೊಂದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ದನ ಮೊದಲೇ ಇದ್ದವು. ಗ್ಯಾಸು ಅಡುಗೆಗೆ, ಬಗ್ಗಡ ಕಾಲುವೆ ನೀರಿನ ಜೊತೆ ಗದ್ದೆಗೆ ಹೋಯಿತು.

ಇಲ್ಲಿ ನಾನು ಎಣಿಸದೇ ಇದ್ದ ಒಂದು ಫಲ ಸಿಕ್ಕಿತು. ಯೂರಿಯಾ ಹೆಚ್ಚಾದ ಕಬ್ಬಿನ ರಸದಿಂದ ಬೆಲ್ಲ ಕಪ್ಪಾಗುತ್ತದೆ, ಅಚ್ಚಿನಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ. ಇದನ್ನು ಆಲೆಮನೆಯ ಪ್ರತಿಯೊಬ್ಬ ಪಾಕದವನೂ ಬಲ್ಲ, ಆದರೆ ಯೂರಿಯಾ ಕೈಗೆ ಸುಲಭವಾಗಿ ಸಿಗುವಷ್ಟು ಕಾಲ ಯಾರೂ ಅದನ್ನು ಕಡಿಮೆ ಮಾಡುವುದಿಲ್ಲ. ಗೊಬ್ಬರದ ಅಭಾವದಿಂದಾಗಿ ಕಡಿಮೆ ಮಾಡಬೇಕಾಗಿ ಬಂದಾಗ ಬೆಲ್ಲದ ಬಣ್ಣ ತಿಳಿಯಾಯಿತು, ಕೊಳ್ಳುವವರು ಹೆಚ್ಚು ಬೆಲೆ ಕೊಟ್ಟರು. ಕೂಳೆಯ ಇಳುವರಿ ಹೊಸ ನಾಟಿಗಿಂತ ಕಡಿಮೆಯೇ ಬಂದರೂ ಖರ್ಚು ಅದಕ್ಕಿಂತ ಹೆಚ್ಚು ಇಳಿದಿತ್ತು. ತರಗಿನ ಹೊದಿಕೆಯಡಿ ಕಳೆಯೂ ಅಷ್ಟಾಗಿ ಏಳಲಿಲ್ಲ. ಆಮೇಲೆ ಗೊಬ್ಬರ ಸಿಕ್ಕಾಗಲೂ ಹಳೆಯ ಪ್ರಮಾಣಕ್ಕೆ ನಾನು ಮರಳಲಿಲ್ಲ.

ಆಲೆಮನೆಯ ಒಲೆಯಲ್ಲೂ ಇಂಥದೇ ಬದಲಾವಣೆಯಾಯಿತು. ಚಿಮಣಿಯ ಕಡೆ ವ್ಯರ್ಥವಾಗಿ ಹೋಗುತ್ತಿದ್ದ ಬಿಸಿಗೆ ಎರಡನೆಯ ಕೊಪ್ಪರಿಗೆಯನ್ನು ಅಡ್ಡವಿಟ್ಟು, ಮುಂದಿನ ಸರದಿಯ ರಸವನ್ನು ಅದರಲ್ಲಿ ಕಾಯಿಸಿಕೊಳ್ಳತೊಡಗಿದೆವು. ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ, ಅಂದರೆ ಒಣಗಿಸಿದ ರಚ್ಚೇ, ಉರುವಲಿಗೆ ಸಾಕಾಯಿತು.

ಇವೆಲ್ಲ ನನಗೆ ಸಾಧ್ಯವಾದದ್ದು ನನ್ನಲ್ಲಿ ನೆಲ, ದನ, ಸ್ವಲ್ಪ ಬಂಡವಾಳ ಇದ್ದುದರಿಂದ ಎಂಬುದನ್ನು ಒತ್ತಿ ಹೇಳಬೇಕು. ನಮ್ಮ ಆಲೆಮನೆಗೆ ಕೂಲಿಗೆ ಬರುವ ಹೆಂಗಸರು ಸಿಲಿಂಡರು ದುಬಾರಿಯಾದ ಆ ವರ್ಷ ಅದನ್ನು ತುಂಬಿಸುವುದನ್ನು ಬಿಟ್ಟು ಮತ್ತೆ ಸೌದೆ ಹೊರತೊಡಗಿದರು. ಹೊಗೆಯಿಲ್ಲದ ಅಡುಗೆಮನೆ ಅವರ ಪಾಲಿಗೆ ಬಂದು ಕೆಲವೇ ವರ್ಷಗಳಾಗಿದ್ದವು, ಅದು ಕಣ್ಣೆದುರೇ ಕೈಜಾರಿತು. ಸೌದೆಯೂ ದುಬಾರಿಯಾದಾಗ ಕೆಲವು ಆಲೆಮನೆಗಳಲ್ಲಿ ಹಳೆಯ ಟೈರುಗಳನ್ನು ಒಲೆಗೆ ಹಾಕಿದರು, ಆ ಹೊಗೆಯನ್ನು ಕುಡಿದವರು ಒಲೆಯ ಮುಂದೆ ಕೂತ ಕೂಲಿಯವರೇ. ಬಿಕ್ಕಟ್ಟು ತಾನಾಗಿಯೇ ಒಳಿತಿನ ಕಡೆಗೆ ನೂಕುತ್ತದೆ ಎನ್ನುವವರು ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನು ನೀರಿನ ವಿಷಯದಲ್ಲಿ ಬದಲಾವಣೆಯೇ ಆಗಲಿಲ್ಲ: 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಗಿರುವುದರಿಂದ ತೈಲದ ಬಿಸಿ ಕೊಳವೆಬಾವಿಗೆ ತಟ್ಟಲೇ ಇಲ್ಲ.

ದೊಡ್ಡ ಮಟ್ಟದಲ್ಲೂ ಹೀಗೆಯೇ ನಡೆದಿದೆ: ತೈಲ ಅಗ್ಗವಾದಾಗ ಕೆಲವು ಬದಲಾವಣೆ ಬಿದ್ದುಹೋದವು, ಕೆಲವು ಉಳಿದವು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ನಂತರ ಪೀಪಾಯಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೆ ಬಂತು. ಅದರ ಮರುವರ್ಷ ಬೆಂಗಳೂರಿನಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ವಿಜ್ಞಾನ ಸಂಸ್ಥೆಯೊಳಗೆ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು ಅಸ್ತ್ರ ಕೇಂದ್ರವನ್ನು ಆರಂಭಿಸಿದರು, ನಮ್ಮ ತಾಯಂದಿರ ಅಡುಗೆಮನೆಗೆ ಬಂದ, ಸೌದೆ ಉಳಿಸುವ ಅಸ್ತ್ರ ಒಲೆ ಅಲ್ಲಿಯದೇ. ಅಮೆರಿಕದ ಶ್ವೇತಭವನದ ಮೇಲೆ 1979ರಲ್ಲಿ ಕೂರಿಸಿದ ಸೌರ ಫಲಕಗಳನ್ನು ತೈಲ ಅಗ್ಗವಾದ 1986ರಲ್ಲಿ ಇಳಿಸಿದರು. ಶಕ್ತಿಗಾಗಿ ಬಹುಪಾಲು ತೈಲವನ್ನೇ ನಂಬಿದ್ದ ಡೆನ್ಮಾರ್ಕ್ ಅದೇ ಹೊತ್ತಿನಲ್ಲಿ ಇಂಧನ ತೆರಿಗೆ ಏರಿಸಿ ಬೆಲೆ ಬೀಳದಂತೆ ತಡೆಯಿತು. ಇಂದು ಅದರ ವಿದ್ಯುತ್ತಿನಲ್ಲಿ ಅರ್ಧದಷ್ಟು ಗಾಳಿಯಿಂದ ಬರುತ್ತದೆ. ನಮ್ಮಲ್ಲೂ 2020ರ ಮೇ ತಿಂಗಳಲ್ಲಿ ತೈಲ ನೆಲಕಚ್ಚಿದಾಗ ಡೀಸೆಲ್ ಮೇಲೆ ಲೀಟರಿಗೆ 13 ರೂಪಾಯಿ ತೆರಿಗೆ ಹೆಚ್ಚಿಸಿದರು. ಅದರ ಸಣ್ಣ ಪಾಲಾದರೂ ದನವಿಲ್ಲದ, ನೆಲವಿಲ್ಲದ ಮನೆಗಳ ಅಡುಗೆ ಒಲೆಗೆಂದು ಮೀಸಲಾಗಿದ್ದರೆ, ಮುಂದೆ ಬೆಲೆ ಏರಿದಾಗ ಆ ಹೆಂಗಸರು ಸೌದೆಗೆ ಹೋಗಬೇಕಾಗುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆಲೆಮನೆಯ ಹಿಂದಿನ ಕೂಲಿ ಮನೆಗಳಿಗೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸ್ ಘಟಕ ಕಟ್ಟುವ ಮಾತು ಈಗ ನಡೆದಿದೆ. ಸಗಣಿ ನಮ್ಮ ಕೊಟ್ಟಿಗೆಯದು, ಅಕ್ಕಪಕ್ಕದ ಎರಡು ಮನೆಯವರೂ ಕೊಡಲು ಒಪ್ಪಿದ್ದಾರೆ. ದಿನವೂ ಸಗಣಿ ಕಲಸುವವರಿಗೆ ಕೂಲಿ ಕೊಡಬೇಕೇ, ಬಗ್ಗಡದಲ್ಲಿ ಪಾಲು ಯಾರಿಗೆ, ಯಾವ ಮನೆಗೆ ಎಷ್ಟು ಹೊತ್ತು ಗ್ಯಾಸು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಬೆಲೆಯ ಮುಂದಿನ ಏರಿಕೆ ಬರುವ ಮೊದಲೇ ಇದನ್ನು ಮುಗಿಸಬೇಕೆಂದು ಪಟ್ಟು ಹಿಡಿದಿದ್ದೇನೆ.