ಕಾಟನ್ ಕುರ್ತಿಯ ಪೇಪರ್ ಕಟಿಂಗ್‌ನಲ್ಲೇ ಟೀ ಶರ್ಟ್ ಬಟ್ಟೆಯ ಟಾಪ್

ನನ್ನ ಹತ್ತಿರ ಇದ್ದಿದ್ದು ಕಾಟನ್ ಕುರ್ತಿಯ ಪೇಪರ್ ಕಟಿಂಗ್ ಮಾತ್ರ, ಹೊಲಿಯಬೇಕಾಗಿದ್ದು ಹೊಸೈರಿ, ಅಂದರೆ ಟೀ ಶರ್ಟ್ ಬಟ್ಟೆ. ಎಳೆದರೆ ಹಿಗ್ಗುವ ಬಟ್ಟೆಗೆ ಡಾರ್ಟ್ (ಮೈಗೆ ಸರಿಯಾಗಿ ಕೂರಲು ಹಾಕುವ ಚೂಪು ಮಡಿಕೆ ಹೊಲಿಗೆ) ಬೇಕಿಲ್ಲ, ಅಲ್ವಾ? ಅದಕ್ಕೆ ಹಿಂಭಾಗದ ಪೇಪರನ್ನೇ ಇಟ್ಟು ಮುಂಭಾಗವನ್ನೂ ಬರೆದೆ, ಕತ್ತು ಮಾತ್ರ ಆಳ ಮಾಡಿದೆ. ಕುರ್ತಿಯಲ್ಲಿ ಎದೆ ಸುತ್ತಳತೆಗೆ 4 ಇಂಚು ಸಡಿಲ ಇತ್ತು. ಇಲ್ಲಿ 1 ಇಂಚು ಸಾಕಾಯಿತು, ಅಂದರೆ ಒಟ್ಟು 3 ಇಂಚು ಕಡಿಮೆ; ಮುಂದೆ ಹಿಂದೆ ಸೇರಿ ನಾಲ್ಕು ಪಕ್ಕ ಆಗುವುದರಿಂದ ಮಡಿಸಿದ ಪೇಪರ್‌ನ ಪಕ್ಕದಲ್ಲಿ ಮುಕ್ಕಾಲು ಇಂಚು ಕಡಿಮೆ. ಬಟ್ಟೆ ಜಾಸ್ತಿ ಹಿಗ್ಗುವ ಕಡೆ ಮೈಗೆ ಅಡ್ಡ ಬರುವಂತೆ ಇಟ್ಟು ಕತ್ತರಿಸಬೇಕು.

ನಿಜವಾದ ತಲೆನೋವು ಕತ್ತು, ಸುಮ್ನೆ ಮಡಿಸಿ ಹೊಲಿದರೆ ಅಲೆ ಅಲೆಯಾಗಿ ನಿಲ್ಲುತ್ತದೆ. ಅದೇ ಬಟ್ಟೆಯ ಪಟ್ಟಿಯನ್ನು ಕತ್ತಿನ ಸುತ್ತಳತೆಗಿಂತ ಚಿಕ್ಕದಾಗಿ, 20 ಇಂಚಿಗೆ 17ರಂತೆ ತೆಗೆದುಕೊಂಡೆ. ಪಟ್ಟಿ, ಕತ್ತು ಎರಡರಲ್ಲೂ ನಾಲ್ಕು ಸಮಭಾಗಕ್ಕೆ ಗುರುತು ಮಾಡಿ, ಗುರುತಿಗೆ ಗುರುತು ಸೇರಿಸಿ ಪಿನ್ ಹಾಕಿ, ಪಟ್ಟಿಯನ್ನು ಮಾತ್ರ ಎಳೆಯುತ್ತಾ ಹೊಲಿದು ಇಸ್ತ್ರಿ ಮಾಡಿದ ಮೇಲೆ ಎಷ್ಟು ಚೆನ್ನಾಗಿ ಕೂತಿತು ಗೊತ್ತಾ!

ಮೆಷಿನ್‌ಗೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿಯನ್ನೇ ಹಾಕಿ. ಅದು ಎಳೆಗಳನ್ನು ತುಂಡು ಮಾಡದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ನೇರ ಹೊಲಿಗೆ ಎಳೆದಾಗ ಕಿತ್ತುಹೋಗುತ್ತದೆ, ಹಾಗಾಗಿ ಸಣ್ಣ ಜಿಗ್‌ಜಾಗ್ ಒಳ್ಳೆಯದು. ಭುಜಕ್ಕೆ ಮಾತ್ರ ಸಪೂರ ಕಾಟನ್ ಪಟ್ಟಿ ಸೇರಿಸಿ, ಜೋತು ಬೀಳುವುದಿಲ್ಲ.